ನಿಮ್ಮಪ್ಪನಿಗೆ ಹೇಳು

"ಕ್ಲಚ್ಚು! ಆಂಟಿ, ಕ್ಲಚ್ಚು ಒತ್ತಿ, ಕ್ಲಚ್ಚು!"

ಲಾಂಡ್ರಿಯಮ್ಮ ಕ್ಲಚ್ಚೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಒತ್ತಿದರು. ಹಾರ್ನ್ ಕೂಗಿತು, ವೈಪರ್ ಎದ್ದು ಒಣ ಗಾಜನ್ನು ಕರಕರ ಉಜ್ಜಿತು, ಕಾರು ಎರಡು ಸಲ ಕುಪ್ಪಳಿಸಿ ವೃತ್ತದ ನಟ್ಟನಡುವೆ ನಿಂತುಬಿಟ್ಟಿತು. ಹಿಂದಿನ ಲಾರಿಯವನು ಕಿಟಕಿಯಿಂದ ತಲೆ ಹೊರಹಾಕಿ ಏನೋ ಅಂದ. ಅದು ಸರಿಯಾಗಿ ಕೇಳಿಸದೆ ಹೋದದ್ದೇ ಒಳ್ಳೆಯದಾಯಿತು.

"ಪರವಾಗಿಲ್ಲ. ಮತ್ತೆ ಶುರು ಮಾಡಿ. ಮೊದಲು ನ್ಯೂಟ್ರಲ್ಲು," ಎಂದಳು ಅವಳು. ದನಿಯಲ್ಲಿ ಚೂರೂ ಗಾಬರಿಯಿರಲಿಲ್ಲ. ಗಾಬರಿಯೆಲ್ಲ ಬಲಗಾಲಿನಲ್ಲಿತ್ತು.

ಡ್ರೈವಿಂಗ್ ಸ್ಕೂಲಿನ ಕಾರಿಗೆ ಎರಡು ಬ್ರೇಕು. ಕಲಿಯುವವರ ಕಾಲಡಿ ಒಂದು, ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ ಇನ್ನೊಂದು. ಎಂಟು ವರ್ಷಗಳಿಂದ ಅವಳು ಆ ಎರಡನೇ ಬ್ರೇಕಿನ ಮೇಲೆ ಕಾಲನ್ನು ತೇಲಿಸಿಕೊಂಡೇ ಬದುಕಿದ್ದಳು. ಒತ್ತುವಂತೆಯೂ ಇಲ್ಲ, ತೆಗೆಯುವಂತೆಯೂ ಇಲ್ಲ. ಮಾತಿಗೆ ಮುಂಚೆ ಒತ್ತಿದರೆ ಕಲಿಯುವವರಿಗೆ ಧೈರ್ಯ ಬರುವುದಿಲ್ಲ. ಒತ್ತದೆ ಹೋದರೆ ಕಾರು ಯಾರದೋ ಅಂಗಡಿಯೊಳಗೆ ನುಗ್ಗುತ್ತದೆ. ಮನೆಯಲ್ಲಿ ಕುರ್ಚಿಯ ಮೇಲೆ ಕೂತಾಗಲೂ ಆ ಕಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿರುತ್ತಿತ್ತು. ಮೂವತ್ತೊಂದಕ್ಕೇ ಮೀನಖಂಡ ಮರಗಟ್ಟಿದೆ ಎಂದು ಅವಳೇ ನಗುತ್ತಿದ್ದಳು.

ಲಾಂಡ್ರಿಯಮ್ಮ ಎಂದರೆ ಬಟ್ಟೆ ಒಗೆದು ಇಸ್ತ್ರಿ ಮಾಡಿ ಮನೆಮನೆಗೆ ತಲುಪಿಸುವ ಅಂಗಡಿಯ ಯಜಮಾನಿ. ವ್ಯಾನು ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ವ್ಯಾನನ್ನು ತಾನೇ ಓಡಿಸುತ್ತೇನೆಂದು ಹಟ ಹಿಡಿದು ಬಂದವರು. ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿದ್ದರು, ಮೂರು ಸಲವೂ ರಿವರ್ಸಿನಲ್ಲಿ. ಸ್ಕೂಲಿನ ಉಳಿದ ಮೇಷ್ಟ್ರುಗಳು ಇವರನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟಿಸುತ್ತ ಕೊನೆಗೆ ಇವಳಿಗೆ ಗಂಟುಹಾಕಿದ್ದರು. ಇವಳು ತಾಳ್ಮೆಗೆ ಹೆಸರಾದವಳು.

ಲಾಂಡ್ರಿಯಮ್ಮನಿಗೆ ಇನ್ನೊಂದು ರೋಗವಿತ್ತು. ಕಂಬ ಕಂಬಕ್ಕೂ ರಸ್ತೆ ಬಿಟ್ಟು ಪಕ್ಕಕ್ಕೆ ತಿರುಗಿ, "ಮೇಡಂ, ನಾನು ಸರಿಯಾಗಿ ಹೋಗ್ತಿದ್ದೀನಾ?" ಎಂದು ಕೇಳುವುದು. ಕೇಳುವ ಆ ಗಳಿಗೆಯಲ್ಲೇ ತಪ್ಪಾಗುತ್ತಿತ್ತು. ಹಾಗಾಗಿ ಅವಳು ತನ್ನ ಎಲ್ಲ ಕಲಿಯುವವರಿಗೂ ಹೇಳುವ ಮಾತನ್ನು ಇವರಿಗೂ ಹೇಳಿದ್ದಳು. "ನೋಡಿ ಆಂಟಿ, ನಾನು ಸುಮ್ಮನೆ ಕೂತಿದ್ದೀನಿ ಅಂದ್ರೆ ನೀವು ಸರಿಯಾಗಿ ಓಡಿಸ್ತಿದ್ದೀರಿ ಅಂತ ಅರ್ಥ. ತಪ್ಪಾದ್ರೆ ನಾನೇ ಬಾಯಿ ಬಿಡ್ತೀನಿ. ಅಲ್ಲಿವರೆಗೂ ರಸ್ತೆ ನೋಡಿ, ನನ್ನ ಮುಖ ನೋಡಬೇಡಿ." ಇದು ಎಂಥ ಪುಕ್ಕಲರಿಗೂ ನಾಟುತ್ತಿತ್ತು. ಲಾಂಡ್ರಿಯಮ್ಮನಿಗೂ ನಾಟಿತ್ತು.

ವೃತ್ತ ದಾಟುವಷ್ಟರಲ್ಲಿ ತೊಡೆಯ ಮೇಲಿದ್ದ ಫೋನು ಗುರುಗುಟ್ಟಿತು. ಅಮ್ಮ.

"ಪುಟ್ಟೀ, ನಿಮ್ಮಪ್ಪನಿಗೆ ಹೇಳಿದೆಯಾ?"

"ಕ್ಲಾಸಲ್ಲಿದ್ದೀನಮ್ಮ."

"ನೀನು ಯಾವಾಗ್ಲೂ ಕ್ಲಾಸಲ್ಲೇ ಇರ್ತೀಯ. ಭಾನುವಾರ ಬಂದೇಬಿಡ್ತು."

"ಸಂಜೆ ಹೇಳ್ತೀನಿ."

ಫೋನು ಕೆಳಗಿಡುವ ಮುಂಚೆಯೇ ಇನ್ನೊಂದು ಕರೆ. ಅಪ್ಪ. ಅದೇ ಮನೆ, ಪಕ್ಕದ ಕೋಣೆ.

"ಪುಟ್ಟೀ, ಏನಂತೆ ಅವಳದು? ಅಟ್ಟದ ಮೇಲಿಂದ ಸೂಟ್‌ಕೇಸ್ ಇಳಿಸಿ ಒರೆಸ್ತಾ ಇದ್ದಾಳೆ. ಎಲ್ಲಿಗೆ ಸವಾರಿ ಅಂತ ಕೇಳು."

ನೀವೇ ಕೇಳಬಾರದಾ ಅಪ್ಪ, ಒಂದು ಗೋಡೆ ತಾನೇ ಅಡ್ಡ ಇರೋದು, ಎನ್ನಬೇಕೆಂದುಕೊಂಡಳು. "ಕೇಳ್ತೀನಪ್ಪ," ಎಂದಳು.

ಅಪ್ಪ ಅಮ್ಮ ಮಾತು ಬಿಟ್ಟು ಒಂದೂವರೆ ವರ್ಷವಾಗಿತ್ತು. ಅಮ್ಮನ ತಮ್ಮ ತೀರಿಕೊಂಡಾಗ ಅಪ್ಪ ಮಣ್ಣಿಗೆ ಹೋಗಲಿಲ್ಲ. ಯಾಕೆ ಬರಲಿಲ್ಲ ಎಂದು ಅಮ್ಮ ಕೇಳಲಿಲ್ಲ. ಕೇಳಲಿಲ್ಲವಲ್ಲ ಎಂದು ಅಪ್ಪ ಹೇಳಲಿಲ್ಲ. ಮೊದಲ ವಾರ ಇದು ಸಿಟ್ಟು ಅನ್ನಿಸಿತು, ಆಮೇಲೆ ಹಟವಾಯಿತು, ಆಮೇಲೆ ಹಲ್ಲುಜ್ಜುವಷ್ಟೇ ರೂಢಿಯಾಯಿತು. ಒಂದೇ ಅಡುಗೆ, ಒಂದೇ ಟೀವಿ, ಒಂದೇ ಮಗಳು. ಮನೆಯೊಳಗೆ ಏನು ಆಚೀಚೆ ಹೋಗಬೇಕಾದರೂ ಆ ಮಗಳ ಬಾಯಿಂದಲೇ ಹಾದುಹೋಗಬೇಕು.

"ನಿಮ್ಮಪ್ಪನಿಗೆ ಹೇಳು, ಇದೇನು ಲಾಡ್ಜಲ್ಲ, ಬಚ್ಚಲ ದೀಪ ಹಾಗೇ ಉರಿಸಿ ಬರೋಕೆ," ಎನ್ನುತ್ತಿದ್ದಳು ಅಮ್ಮ. ಮಗಳು ಹೋಗಿ, "ಅಪ್ಪಾ, ಬಚ್ಚಲಲ್ಲಿ ದೀಪ ಉರೀತಿದೆ," ಎನ್ನುತ್ತಿದ್ದಳು. "ಅವಳಿಗೆ ಹೇಳು, ನನ್ನ ಕಣ್ಣು ಇನ್ನೂ ಹೋಗಿಲ್ಲ, ಹೋದ ದಿನ ಹಬ್ಬ ಮಾಡ್ಲಿ," ಎನ್ನುತ್ತಿದ್ದ ಅಪ್ಪ. ಮಗಳು ಬಂದು, "ಆರಿಸ್ತಾರಂತಮ್ಮ," ಎನ್ನುತ್ತಿದ್ದಳು. ಎರಡೂ ಕಡೆಯ ಮಾತಿನಿಂದ ಮುಳ್ಳು ಕಿತ್ತು ದಾಟಿಸುವುದರಲ್ಲಿ ಅವಳಷ್ಟು ನುರಿತವರು ಇರಲಿಲ್ಲ. ಕಿತ್ತ ಮುಳ್ಳನ್ನು ಎಲ್ಲಿ ಬಿಸಾಡಬೇಕು ಎಂದು ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಿದರೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಇದು ಕೈಜಾರಿದ್ದೋ ಕುಕ್ಕಿದ್ದೋ ಎಂದು ಅಳೆಯುತ್ತ ಉಸಿರು ಹಿಡಿದು ನಿಲ್ಲುತ್ತಿದ್ದಳು. ಹಾಸಿಗೆಯಲ್ಲಿ ನಾಳೆ ಯಾರಿಗೆ ಏನು ಹೇಗೆ ಹೇಳುವುದೆಂದು ವಾಕ್ಯ ಜೋಡಿಸುತ್ತ ಹೊರಳಾಡುತ್ತಿದ್ದಳು. ಬೆಳಗಾದರೆ ಕತ್ತಿನ ಹಿಂಭಾಗದಲ್ಲಿ ಕಲ್ಲು ಇಟ್ಟಂಥ ನೋವು. ಒಮ್ಮೆ ತಲೆನೋವಿನ ಮಾತ್ರೆ ಕೊಳ್ಳಲು ಹೋದಾಗ ಮೆಡಿಕಲ್ ಶಾಪಿನವನು ಸುಮ್ಮನೆ ಕೈಗೆ ಪಟ್ಟಿ ಸುತ್ತಿ ಬಿಪಿ ನೋಡಿದ್ದ. "ನಮ್ಮ ಮಿಷನ್ನೇ ಕೆಟ್ಟಿರಬೇಕು. ಈ ವಯಸ್ಸಿಗೆ ಇಷ್ಟೆಲ್ಲ ಇರಲ್ಲ," ಎಂದಿದ್ದ. ಇಬ್ಬರೂ ಮಿಷನ್ನನ್ನು ನೋಡಿ ನಕ್ಕಿದ್ದರು. ಅವಳು ಮಾತ್ರೆ ತೆಗೆದುಕೊಂಡು ಬಂದಿದ್ದಳು.

ಬೇರೆ ರೂಮು ಮಾಡುವ ಯೋಚನೆಯನ್ನೂ ಒಮ್ಮೆ ಬಾಯಿಬಿಟ್ಟು ಹೇಳಿದ್ದಳು. "ನೀನೂ ಹೋದ್ರೆ ಈ ಮನೇಲಿ ನಾನು ಯಾರ ಹತ್ರ ಮಾತಾಡ್ಲಿ?" ಎಂದು ಅಮ್ಮ ಅತ್ತಿದ್ದಳು. ಅಪ್ಪ ಅತ್ತಿರಲಿಲ್ಲ, ಅದೇ ಮಾತನ್ನು ಬೇರೆ ಕೋಣೆಯಲ್ಲಿ ಹೇಳಿದ್ದ, ಅಷ್ಟೆ.

ಈಗ ಇದು. ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟುತ್ತಿರುವಾಗ ಅಮ್ಮ ಬಾಗಿಲಿಗೆ ಬಂದು, ತೀರ ಸಾಧಾರಣ ದನಿಯಲ್ಲಿ, "ಭಾನುವಾರ ಅಕ್ಕನ ಮನೆಗೆ ಹೋಗ್ತೀನಿ. ಇನ್ನು ವಾಪಸ್ ಬರಲ್ಲ. ನಿಮ್ಮಪ್ಪನಿಗೆ ಹೇಳು," ಎಂದಿದ್ದಳು. ಬೆಳಗಿನಿಂದ ಅವಳು ಅದನ್ನೇ ತಿರುವಿ ಮುರುವಿ ನೋಡುತ್ತಿದ್ದಳು. ಸ್ವಲ್ಪ ದಿನದ ಮಟ್ಟಿಗೆ ಅನ್ನಲೇ? ದೊಡ್ಡಮ್ಮನಿಗೆ ಹುಷಾರಿಲ್ಲ ಅನ್ನಲೇ? ಕೀಳೋಣವೆಂದರೆ ಈ ಮಾತಿನಲ್ಲಿ ಮುಳ್ಳು ಬೇರೆ, ಮಾತು ಬೇರೆ ಇರಲಿಲ್ಲ.

ಕಾರು ಸೇತುವೆಯ ಹತ್ತಿರ ಬಂತು. ಕಲಿಯುವವರು ಸೇತುವೆ ಹತ್ತುವುದಿಲ್ಲ. ಅದಕ್ಕೂ ಮೊದಲೇ ಎಡಕ್ಕೆ ತಿರುಗಿ ಸದ್ದುಗದ್ದಲವಿಲ್ಲದ ಬೀದಿಗೆ ಇಳಿಯುತ್ತಾರೆ. ಎಡಕ್ಕೆ ತಗೊಳ್ಳಿ ಆಂಟಿ, ಎನ್ನಲು ಅವಳು ಬಾಯಿ ತೆರೆದಳು.

ಬಾಯಿ ತೆರೆಯಿತು. ಮಾತು ಬರಲಿಲ್ಲ.

ಮರೆತಿರಲಿಲ್ಲ. ಏನು ಹೇಳಬೇಕೆಂದು ಚೆನ್ನಾಗಿ ಗೊತ್ತಿತ್ತು. ಆದರೆ ಆ ಮಾತು ಬಾಯಿಯತ್ತ ಹೊರಳಲೇ ಇಲ್ಲ. ಗಂಟಲಿನಿಂದ ಏನೋ ಒಂದು ಸದ್ದು ಬಂತು, ಇಂಜಿನ್ನಿನ ಶಬ್ದದಲ್ಲಿ ಕರಗಿಹೋಯಿತು. ಫೋನು ಬಲಗೈಯಿಂದ ಜಾರಿ ಕಾಲ ಬಳಿ ಬಿತ್ತು. ಎತ್ತಿಕೊಳ್ಳಲು ನೋಡಿದಳು. ಕೈ ತೊಡೆಯ ಮೇಲೆ ಮಲಗಿದ್ದು ಮಲಗಿಯೇ ಇತ್ತು, ಯಾರೋ ಅಲ್ಲಿ ಮರೆತು ಇಟ್ಟುಹೋದ ಕೈಯ ಹಾಗೆ.

ಲಾಂಡ್ರಿಯಮ್ಮ ನೇರ ಸೇತುವೆ ಹತ್ತಿದರು.

"ಇವತ್ತು ಮೇನ್ ರೋಡಾ ಮೇಡಂ? ಅಯ್ಯಪ್ಪ!" ಎಂದರು. ಉತ್ತರವಿಲ್ಲ. ಉತ್ತರವಿಲ್ಲದಿದ್ದರೆ ಸರಿ ಎಂದೇ ತಾನೇ. ಅವರು ಮೂರನೇ ಗೇರು ಹಾಕಿದರು. ಒಂದು ಸೈಕಲ್ಲನ್ನು ದಾಟಿದರು. ಇನ್ನೊಂದನ್ನೂ ದಾಟಿದರು. ಕಣ್ಣನ್ನು ರಸ್ತೆಯಿಂದ ಒಂದಿಷ್ಟೂ ಕದಲಿಸಲಿಲ್ಲ, ಹೇಳಿಕೊಟ್ಟ ಹಾಗೆಯೇ. "ನೋಡಿ ಮೇಡಂ, ಇಷ್ಟು ದೂರ ಬಂದ್ರೂ ನೀವು ಒಂದು ಮಾತೂ ಆಡಿಲ್ಲ! ನಮ್ಮೆಜಮಾನ್ರು ಇದ್ದಿದ್ರೆ ನೋಡಬೇಕಿತ್ತು. ನಿನ್ನ ಕೈಗೆ ಸ್ಟೇರಿಂಗ್ ಕೊಟ್ರೆ ಊರೇ ಖಾಲಿ ಮಾಡಬೇಕು ಅಂತಿದ್ರು. ಎಲ್ಲಿ, ಯಾರು ಖಾಲಿ ಮಾಡಿದ್ರು?"

ಅವಳಿಗೆ ಭಯವಾಯಿತು. ಎಂಟು ವರ್ಷದಲ್ಲಿ ಈ ಸೀಟಿನಲ್ಲಿ ಕೂತು ಪಟ್ಟ ಭಯಗಳೆಲ್ಲ ಇದರ ಮುಂದೆ ಏನೂ ಅಲ್ಲ. ಆಗೆಲ್ಲ ಬ್ರೇಕ್ ಇತ್ತು. ಈಗ ಬಲಗಾಲನ್ನು ಎತ್ತು ಎತ್ತು ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು. ಕಾಲು ಬ್ರೇಕಿನಿಂದ ಪಕ್ಕಕ್ಕೆ ಜಾರಿ ಚೀಲದಂತೆ ಬಿದ್ದಿತ್ತು. ಎದುರಿಗೆ ಬಸ್ಸೊಂದರ ಹಿಂಬದಿ ದೊಡ್ಡದಾಗುತ್ತ ಬಂತು. ಬ್ರೇಕು ಆಂಟಿ, ಬ್ರೇಕು. ಒಳಗೆ ಅವಳು ಕಿರುಚುತ್ತಿದ್ದಳು. ಹೊರಗೆ ಸುಮ್ಮನಿದ್ದಳು, ಅಂದರೆ ಹೊಗಳುತ್ತಿದ್ದಳು.

ಬಸ್ಸಿನ ಹಿಂದೆ ಲಾಂಡ್ರಿಯಮ್ಮ ತಾವೇ ವೇಗ ತಗ್ಗಿಸಿದರು, ನಯವಾಗಿ, ಒಂದು ಕುಪ್ಪಳವೂ ಇಲ್ಲದೆ. ಬೇರೆ ದಿನವಾಗಿದ್ದರೆ ಅವಳು ಚಪ್ಪಾಳೆ ತಟ್ಟುತ್ತಿದ್ದಳೋ ಏನೋ. ಈಗ ಅವಳ ಎಡಗಾಲು ನೆನಪಾಯಿತು. ಅದು ತನ್ನದಾಗಿಯೇ ಉಳಿದಿತ್ತು. ಅದನ್ನು ಎಳೆದುಕೊಂಡು, ಸತ್ತಂತಿದ್ದ ಬಲಗಾಲಿನ ಮೇಲಿಂದ ದಾಟಿಸಿ, ಬ್ರೇಕನ್ನು ಹುಡುಕಿ, ಇದ್ದ ಬಲವನ್ನೆಲ್ಲ ಹಾಕಿ ತುಳಿದಳು.

ಕಾರು ಸೇತುವೆಯ ಮಧ್ಯದಲ್ಲಿ ಧಡಕ್ಕನೆ ನಿಂತು ಬಂದ್ ಆಯಿತು. ಹಿಂದಿನಿಂದ ಹಾರ್ನುಗಳು ಮುಗಿಬಿದ್ದವು.

"ಅಯ್ಯೋ, ಏನು ತಪ್ಪು ಮಾಡಿದೆ? ಏನು ತಪ್ಪು ಮಾಡಿದೆ ಮೇಡಂ? ಎಲ್ಲ ಸರಿಯಾಗೇ..." ಎಂದು ತಿರುಗಿದ ಲಾಂಡ್ರಿಯಮ್ಮನ ಕಣ್ಣು ಮೊದಲು ಬಿದ್ದದ್ದು ಅವಳ ಅಂಗಿಯ ಕಾಲರಿನ ಮೇಲೆ. ಕಲೆ ಕಾಣುವ ಕಣ್ಣು ಅದು. ಕಾಲರು ಒದ್ದೆಯಾಗಿತ್ತು. ಸೆರಗಿನಿಂದ ಒರೆಸಲೆಂದು ಕೈ ಚಾಚಿ, ಮುಖ ನೋಡಿ, ಕೈಯನ್ನು ಹಾಗೇ ತಡೆದರು. ಬಾಯಿಯ ಒಂದು ತುದಿ ಕೆಳಗೆ ಜೋತುಬಿದ್ದು ಜೊಲ್ಲು ಇಳಿಯುತ್ತಿತ್ತು. ಕಣ್ಣು ಮಾತ್ರ ಪೂರ್ತಿ ಎಚ್ಚರವಾಗಿ ಅವರನ್ನೇ ನೋಡುತ್ತಿತ್ತು.

"ಮಾತಾಡಿ. ಮೇಡಂ, ಒಂದು ಮಾತು ಆಡಿ, ಬೈದ್ರೂ ಪರವಾಗಿಲ್ಲ."

"ಬ," ಎಂದಳು ಅವಳು. "ಬ. ಬ."

ಲಾಂಡ್ರಿಯಮ್ಮ ಫೋನು ತೆಗೆದರು. ಆಂಬುಲೆನ್ಸಿಗೆ ಒತ್ತಲು ಹೋದ ಬೆರಳು ತಪ್ಪಿ ಕರೆ ಅಂಗಡಿಯ ಯಾವುದೋ ಗಿರಾಕಿಗೆ ಹೋಯಿತು, ಅವರು ಪರದೆಗಳು ಒಗೆದಾಯಿತಾ ಎಂದು ಕೇಳತೊಡಗಿದರು. ಲಾಂಡ್ರಿಯಮ್ಮ ಫೋನನ್ನು ಹಿಂದಿನ ಸೀಟಿಗೆ ಎಸೆದುಬಿಟ್ಟರು. ಸೇತುವೆ ಇಳಿದ ಮೇಲೆ ಬಲಕ್ಕೆ, ಆಸ್ಪತ್ರೆಯ ದೊಡ್ಡ ಬೋರ್ಡು ಇಲ್ಲಿಂದಲೇ ಕಾಣುತ್ತಿತ್ತು. ಹಿಂದೆ ಹಾರ್ನ್ ನಿಲ್ಲಿಸುವವರಿಲ್ಲ. ಆಂಬುಲೆನ್ಸ್ ಬಂದರೂ ಈ ಗದ್ದಲದಲ್ಲಿ ತೂರಿ ಬರುವುದು ಹೇಗೆ?

"ನಾನೇ ಓಡಿಸ್ತೀನಿ," ಎಂದರು, ಅವಳಿಗೋ ತಮಗೋ. "ಕಾಲು ತೆಗೀರಿ ಮೇಡಂ. ಬ್ರೇಕಿಂದ ಕಾಲು ತೆಗೀರಿ."

ಅದೇ ಕಷ್ಟವಾದದ್ದು. ಇದ್ದ ಒಂದೇ ಕಾಲು, ಅದರಡಿ ಇದ್ದ ಒಂದೇ ಬ್ರೇಕು. ಅದನ್ನು ಬಿಟ್ಟರೆ ಮೂರು ಸಲ ಫೇಲಾದ ಹೆಂಗಸಿನ ಕೈಯಲ್ಲಿ ಜೀವ. ಅವಳು ಕಣ್ಣು ಮುಚ್ಚಿ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ನ್ಯೂಟ್ರಲ್ಲು," ಎಂದರು ಲಾಂಡ್ರಿಯಮ್ಮ, ಅವಳದೇ ದನಿಯಲ್ಲಿ. "ಪರವಾಗಿಲ್ಲ, ಮತ್ತೆ ಶುರು ಮಾಡಿ. ಕ್ಲಚ್ಚು. ಪೂರ್ತಿ. ಈಗ ಯಾವ ಗೇರು?" ಅವಳು ಎಡಗೈಯ ಒಂದು ಬೆರಳೆತ್ತಿದಳು. ಕಾರು ಹೊರಟಿತು. ಎರಡು ಬೆರಳೆತ್ತಿದಳು. ಸೇತುವೆಯ ಇಳಿಜಾರಿನಲ್ಲಿ ಮೂರನೆಯದನ್ನು ಎತ್ತುವ ಮೊದಲೇ ಮೂರನೇ ಗೇರು ಬಿದ್ದಿತ್ತು. ಆಮೇಲೆ ಲಾಂಡ್ರಿಯಮ್ಮ ಏನನ್ನೂ ಕೇಳಲಿಲ್ಲ. ಕೆಂಪು ದೀಪದಲ್ಲಿ ನಿಲ್ಲಲೂ ಇಲ್ಲ.

ಆಸ್ಪತ್ರೆಯಲ್ಲಿ ಕಾರು ನಿಂತದ್ದು ಆಂಬುಲೆನ್ಸುಗಳು ಬರುವ ದಾರಿಗೆ ಸರಿಯಾಗಿ ಅಡ್ಡ. ಗಾಲಿ ಮಂಚದ ಮೇಲೆ ಅವಳನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಹಿಂದೆ ಕಾವಲುಗಾರನ ದನಿ ಕೇಳುತ್ತಿತ್ತು. "ಅಮ್ಮಾ, ರಿವರ್ಸ್ ತಗೊಂಡು ಸೈಡಿಗೆ ಹಾಕಿ!"

"ನೀನೇ ತಗೊಳ್ಳಪ್ಪ!" ಎಂದು ಲಾಂಡ್ರಿಯಮ್ಮ ಅಳುತ್ತ ಕೂಗುತ್ತಿದ್ದರು. "ರಿವರ್ಸ್ ಬರೋದಾಗಿದ್ರೆ ನನಗೆ ಲೈಸೆನ್ಸ್ ಬಂದು ವರ್ಷವಾಗ್ತಿತ್ತು!"

ಮಿದುಳಿನ ಒಂದು ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸ್ಕ್ಯಾನ್ ಮಾಡಿ, ಅದನ್ನು ಕರಗಿಸುವ ಔಷಧಿಯನ್ನು ನರಕ್ಕೆ ಹರಿಸಿದರು. ಇನ್ನೂ ತಡವಾಗಿದ್ದರೆ ಆ ಔಷಧಿ ಕೊಡುವಂತೆಯೇ ಇರಲಿಲ್ಲವಂತೆ. ಇದನ್ನೆಲ್ಲ ಡಾಕ್ಟರು ಹಾಸಿಗೆಯ ಪಕ್ಕ ನಿಂತು ಅಪ್ಪ ಅಮ್ಮನಿಗೆ ಹೇಳುವಾಗ ಅವಳು ಕೇಳಿಸಿಕೊಳ್ಳುತ್ತಿದ್ದಳು. ಅವಳಷ್ಟೇ ವಯಸ್ಸಿನ ಡಾಕ್ಟರು. ಅಪ್ಪ ಅಮ್ಮ ಹಾಸಿಗೆಯ ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದರು. ಒಂದೇ ಮನೆಯಿಂದ ಹೊರಟು ಎರಡು ಟ್ಯಾಕ್ಸಿಯಲ್ಲಿ ಬಂದಿದ್ದರು.

"ಸಿಗರೇಟು, ಶುಗರ್ರು, ಹಾರ್ಟ್ ತೊಂದರೆ, ಮನೇಲಿ ಯಾರಿಗಾದ್ರೂ ಹೀಗೆ ಆಗಿರೋದು?" ಎಂದು ಡಾಕ್ಟರು ಕೇಳಿದರು. ಯಾವುದೂ ಇರಲಿಲ್ಲ. "ಬಿಪಿ ತುಂಬಾ ಜಾಸ್ತಿ ಇದೆ. ಇವತ್ತು ನಿನ್ನೆಯದಲ್ಲ ಇದು. ನಿದ್ದೆ ಮಾಡ್ತಾರಾ? ಕೆಲಸದಲ್ಲೋ ಮನೇಲೋ ಏನಾದ್ರೂ ಟೆನ್ಷನ್ ಇದೆಯಾ?"

"ಇಲ್ಲ," ಎಂದರು ಅಪ್ಪ ಅಮ್ಮ, ಇಬ್ಬರೂ ಒಟ್ಟಿಗೆ.

ಒಂದೂವರೆ ವರ್ಷದಲ್ಲಿ ಅವರು ಒಪ್ಪಿದ ಮೊದಲ ಸಂಗತಿ ಅದು. ಅವಳಿಗೆ ನಗು ಬಂತು, ಆದರೆ ಮುಖದ ಒಂದೇ ಪಕ್ಕಕ್ಕೆ ಬಂತು. ಅದನ್ನು ನೋಡಿ ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದಳು.

"ಅದೊಂದರಿಂದಲೇ ಹೀಗಾಯ್ತು ಅಂತ ನಾನು ಹೇಳಲ್ಲ," ಎಂದರು ಡಾಕ್ಟರು. "ಇನ್ನೂ ಟೆಸ್ಟುಗಳಿವೆ. ಆದ್ರೆ ಇಷ್ಟು ಚಿಕ್ಕ ವಯಸ್ಸಿನವರಿಗೆ ಬೇರೆ ಕಾರಣ ಸಿಗದೇ ಇದ್ರೆ, ಮನಸ್ಸಿನ ಮೇಲೆ ಏನು ಭಾರ ಇತ್ತು ಅಂತ ಕೇಳಲೇಬೇಕಾಗುತ್ತೆ. ಅದು ಬಿಪಿ ಏರಿಸುತ್ತೆ, ನಿದ್ದೆ ಕೆಡಿಸುತ್ತೆ, ಉಳಿದದ್ದು ಮೈಯೇ ಮಾಡ್ಕೊಳ್ಳುತ್ತೆ. ನಿಧಾನವಾಗಿ ಯೋಚನೆ ಮಾಡಿ ಹೇಳಿ."

ಡಾಕ್ಟರು ಹೋದ ಮೇಲೆ ಅವಳು ಅಪ್ಪನನ್ನು ನೋಡಿದಳು. ಅಪ್ಪ ತನ್ನ ಬೂಟುಗಳನ್ನು ನೋಡುತ್ತಿದ್ದ. ಎರಡೂ ಬೇರೆ ಬೇರೆ ಜೋಡಿಯವು. ಅವಸರದಲ್ಲಿ ಒಂದು ಕಂದು, ಒಂದು ಕಪ್ಪು ಹಾಕಿಕೊಂಡು ಬಂದಿದ್ದ. ಅಮ್ಮ ಅದನ್ನು ನೋಡಿದ್ದಳು, ಆದರೆ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ಬಂದು ಪೆನ್ನು ಎತ್ತಿ ಹಿಡಿದು ಇದೇನು ಎಂದರು. ಅವಳು ಬಹಳ ಹೊತ್ತು ಹುಡುಕಾಡಿ, "ಪೆ... ಪೆನ್ನು," ಎಂದಳು. ಕಿಟಕಿ ತೋರಿಸಿದರು. "ಕಿಟಕಿ." ಬಲಗೈ ಬೆರಳುಗಳು ಅರ್ಧ ಮಡಚಿದವು. "ಭೇಷ್," ಎಂದು ಡಾಕ್ಟರು ಅವಳ ಹೆಗಲು ತಟ್ಟಿದರು. ಅವರು ಹೋದ ಮೇಲೆ ಅವಳು ಗುಟ್ಟಾಗಿ ಒಂದೊಂದೇ ಮಾತನ್ನು ಆಡಿ ನೋಡಿಕೊಂಡಳು. ನೀರು. ಬಾಗಿಲು. ಅಪ್ಪ. ಕೂತ್ಕೊಳ್ಳಿ. ಒಂದೊಂದೂ ಬಂತು, ಕುಂಟುತ್ತ ಬಂತು. ಅವಳಿಗೆ ಅಳು ಬಂತು, ಖುಷಿಗೆ.

ಭೇಟಿಯ ಹೊತ್ತಿಗೆ, ರಾತ್ರಿಯೆಲ್ಲ ವಾರ್ಡಿನ ಹೊರಗೇ ಇದ್ದ ಅಪ್ಪ ಅಮ್ಮ ಇಬ್ಬರೂ ಒಳಗೆ ಬಂದರು. ಅಮ್ಮ ಒಂದು ಕುರ್ಚಿಯಲ್ಲಿ ಕೂತು, ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲವಿಟ್ಟಳು. ಅಪ್ಪ ಹಾಸಿಗೆಯ ಕಾಲ ಬಳಿ ಕಂಬಿ ಹಿಡಿದು ನಿಂತ. ಅಮ್ಮ ಅವಳ ಕೂದಲನ್ನು ನೇವರಿಸುತ್ತ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದಳು. ಆಮೇಲೆ, ಏನೂ ಆಗಿಲ್ಲವೆಂಬಂತೆ, ಅದೇ ಮನೆಯ ದನಿಯಲ್ಲಿ ಅಂದಳು:

"ಪುಟ್ಟೀ, ನಿಮ್ಮಪ್ಪನಿಗೆ ಹೇಳು, ನಿನ್ನೆಯಿಂದ ನಿಂತೇ ಇದ್ದಾರೆ. ಮಂಡಿ ಊದ್ಕೊಳ್ಳುತ್ತೆ. ಮನೆಗೆ ಹೋಗಿ ಮಲಗಲಿ."

ಅಪ್ಪ ಕೈಯಳತೆಯ ದೂರದಲ್ಲಿದ್ದ. ಒಂದೊಂದು ಅಕ್ಷರವೂ ಅವನಿಗೆ ಕೇಳಿಸಿತ್ತು. ಆದರೂ ಅವನು ಅಮ್ಮನ ಕಡೆ ನೋಡಲಿಲ್ಲ. ರೂಢಿಯಂತೆ ಮಗಳ ಕಡೆ ತಿರುಗಿ, ಮಾತು ಅಲ್ಲಿಂದ ಬರಲೆಂದು ಕಾದ.

ಮಾತು ಇತ್ತು. ನಾಲಿಗೆಯ ಮೇಲೇ ಇತ್ತು. ಆಗ ತಾನೇ ಆಡಿ ನೋಡಿಕೊಂಡ ಮಾತು. ಈ ಸಲ ಕೀಳಲು ಒಂದು ಮುಳ್ಳೂ ಇರಲಿಲ್ಲ, ಹೇಳಿಬಿಟ್ಟರೆ ಮುಗಿಯುತ್ತಿತ್ತು. ಅವಳು ತುಟಿ ಮುಚ್ಚಿಕೊಂಡಳು.

"ಪುಟ್ಟೀ?" ಅಮ್ಮನ ದನಿ ಏರಿತು. "ಬೆಳಿಗ್ಗೆ ಮಾತು ಬಂತು ಅಂದ್ರಲ್ಲ ಡಾಕ್ಟ್ರು? ಬರ್ತಿಲ್ವಾ? ನನ್ನ ನೋಡು. ಅಪ್ಪ ಅನ್ನು. ಅಮ್ಮ ಅನ್ನು ಪುಟ್ಟೀ."

ಅಮ್ಮ ಅವಳ ಕೆನ್ನೆಯನ್ನು ಮತ್ತೆ ಮತ್ತೆ ತಟ್ಟಿದಳು. ಒಂದು ಮಾತಿಗೆ ಆ ಗಾಬರಿ ನಿಲ್ಲುತ್ತಿತ್ತು. ತಲೆಯ ಬಳಿಯ ಪರದೆಯಲ್ಲಿ ಹಸಿರು ಗೆರೆ ಅವಸರವಸರವಾಗಿ ಏಳತೊಡಗಿತು, ಟಿಕ್ ಟಿಕ್ ಸದ್ದು ಚುರುಕಾಯಿತು. ಅವಳು ಚಾವಣಿಯನ್ನು ನೋಡುತ್ತ ಹಲ್ಲು ಕಚ್ಚಿ ಸುಮ್ಮನೆ ಮಲಗಿದ್ದಳು. ಅಪ್ಪ ಪರದೆಯನ್ನು ನೋಡಿದ. ಅಮ್ಮನೂ ನೋಡಿದಳು.

ಅಪ್ಪ ಗಂಟಲು ಸರಿಮಾಡಿಕೊಂಡ. ಒಮ್ಮೆ ಸಾಲದೆ ಇನ್ನೊಮ್ಮೆ.

"ನಾನು ಮನೆಗೆ ಹೋಗಲ್ಲ," ಎಂದ. ಕಂಬಿಯ ಮೇಲಿನ ತನ್ನ ಕೈಗಳಿಗೆ ಹೇಳಿದಂತಿತ್ತು. ಆಮೇಲೆ ತಲೆಯೆತ್ತಿ, ಹಾಸಿಗೆಯ ಮೇಲಿಂದ, ಮಗಳನ್ನು ದಾಟಿ ನೋಡಿದ. "ನೀನೂ ನಿನ್ನೆಯಿಂದ ಏನೂ ತಿಂದಿಲ್ಲ."

ಅಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು ಕೂತಳು.